ಕಾಲೇಜು ರೇಡಿಯೋದ ಸಿ.ಡಿ. ಕಪಾಟು ಖಾಲಿ ಮಾಡಬೇಕಂತೆ. ಯಾವುದನ್ನು ಉಳಿಸಲಿ?

ಬುಧವಾರ_ರಾತ್ರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರು ದಾವಣಗೆರೆ. ಈಗ ಇರುವುದು ಇಂಡಿಯಾನಾದಲ್ಲಿ, ಎಂ.ಎಸ್. ಎರಡನೇ ವರ್ಷ. ಬಂದ ಮೊದಲ ಚಳಿಗಾಲದಲ್ಲೇ ವಿದ್ಯಾರ್ಥಿಗಳೇ ನಡೆಸುವ ಇಲ್ಲಿನ ಕಾಲೇಜು ರೇಡಿಯೋ ಸೇರಿದೆ. ರೂಮ್‌ಮೇಟ್ ಊರಿಗೆ ಹೋಗಿದ್ದ, ಮಾತಾಡಲು ಯಾರೂ ಇರಲಿಲ್ಲ. ಸ್ಟೂಡೆಂಟ್ ಯೂನಿಯನ್ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ದೀಪ ಆರುವವರೆಗೆ ಕಾದು ಒಳಗೆ ಹೋದೆ. "ಬುಧವಾರ ರಾತ್ರಿ 2ರಿಂದ 4 ಖಾಲಿ ಇದೆ, ಬೇಕಾ?" ಎಂದು ಕೇಳಿದರು. ಆವತ್ತಿನಿಂದ ಆ ಎರಡು ಗಂಟೆ ನನ್ನದು.

ಈಗ ವಿಷಯಕ್ಕೆ ಬರುತ್ತೇನೆ. ಮೇ ಕೊನೆಯೊಳಗೆ ನಾವು ಆ ಜಾಗ ಬಿಡಬೇಕು. ಅಲ್ಲಿ ಪಾಡ್‌ಕಾಸ್ಟ್ ಸ್ಟುಡಿಯೋ ಬರುತ್ತದಂತೆ. ರೇಡಿಯೋ ನಿಲ್ಲುವುದಿಲ್ಲ, ಮೇಲಿನ ಮಹಡಿಯ ಒಂದು ಚಿಕ್ಕ ರೂಮಿನಿಂದ ಇಂಟರ್ನೆಟ್ ಸ್ಟ್ರೀಮ್ ಆಗಿ ನಡೆಯುತ್ತದೆ. ಆದರೆ ಅಲ್ಲಿ ಕಪಾಟಿಗೆ ಜಾಗವಿಲ್ಲ. ಸಿ.ಡಿ.ಗಳೇ ಸುಮಾರು 12,000 ಇವೆ. ಎಲ್.ಪಿ. 2,000ದಷ್ಟು. ಅದರ ಮೇಲೆ ಚಪ್ಪಲಿ ಡಬ್ಬಿಗಳಲ್ಲಿ ಕ್ಯಾಸೆಟ್‌ಗಳು.

ಒಂದೇ ಒಂದು ಸಿ.ಡಿ. ಬಗ್ಗೆ ಹೇಳುತ್ತೇನೆ, ನನ್ನ ಸಂಕಟ ಅರ್ಥವಾಗುತ್ತದೆ. ಡಬ್ಬಿಯ ಮೇಲೆ ಒಂದು ಬಿಳಿ ಲೇಬಲ್ ಅಂಟಿಸಿದ್ದಾರೆ. ಅದರಲ್ಲಿ ಮೂರು ಕೈಬರಹ. ಮೊದಲು ನೀಲಿ ಪೆನ್ನಿನಲ್ಲಿ, 1998ರ ತಾರೀಕು ಹಾಕಿ: "2, 5, 9 ಹಾಕಿ. 7ರಲ್ಲಿ ಬೈಗುಳ ಇದೆ, ರಾತ್ರಿ 10ಕ್ಕೆ ಮುಂಚೆ ಬೇಡ." (ಅಂಕಿಗಳು ಸಿ.ಡಿ.ಯಲ್ಲಿ ಹಾಡಿನ ಕ್ರಮಸಂಖ್ಯೆ. ಬೈಗುಳ ಇರುವ ಹಾಡನ್ನು ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಮಾತ್ರ ಹಾಕಬಹುದು, ಇಲ್ಲಿನ ಸರ್ಕಾರದ ನಿಯಮ.) ಅದರ ಕೆಳಗೆ ಕಪ್ಪು ಪೆನ್ನಿನಲ್ಲಿ ಬೇರೊಬ್ಬರು: "5 ಅಷ್ಟೇನಿಲ್ಲ. 11 ಕೇಳಿ, ಮಳೆ ಬರುವಾಗ." ಅದಕ್ಕೂ ಕೆಳಗೆ ಪೆನ್ಸಿಲ್‌ನಲ್ಲಿ ಎರಡೇ ಪದ: "11 ನಿಜ." ಅಂಚಿನುದ್ದಕ್ಕೂ ಹಾಡು ಹಾಕಿದ ದಿನಗಳ ಗೀಟುಗಳು. ಕೊನೆಯ ಗೀಟು 2009ರದ್ದು.

ನಾನು 11 ಹಾಕಿದೆ. ಹೊರಗೆ ಮಳೆ ಇರಲಿಲ್ಲ, ಹಿಮ ಬೀಳುತ್ತಿತ್ತು. ಆದರೂ ನಿಜ. ಮನೆಗೆ ಹೋಗಿ ಆ ಬ್ಯಾಂಡ್ ಹೆಸರನ್ನು ಫೋನ್‌ನಲ್ಲಿ ಹುಡುಕಿದೆ. ಯಾವ ಆ್ಯಪ್‌ನಲ್ಲೂ ಇಲ್ಲ.

ನನ್ನ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ಎಲ್ಲಾ ಫೋನ್‌ನಲ್ಲೇ ಇದೆಯಲ್ಲ, ಇದನ್ನೆಲ್ಲ ಯಾಕೆ ಹೊರಬೇಕು ಎನ್ನುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ನಮಗೆ ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ಯಾವುದನ್ನು ಮೊದಲು ಎತ್ತಿಡಲಿ? ಎಲ್ಲಿಗೆ ಕೊಡಲಿ? ಇಂಥ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ?

---

ಬಳ್ಳಾರಿ_ಬಿಸಿಲು

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ಇನ್ನೊಂದು ಕಡೆಯಿಂದ ನೋಡಿ ಅಂತ ಹೇಳಬೇಕು ಅನ್ನಿಸಿತು.

ನಾನು ಬಳ್ಳಾರಿಯಲ್ಲಿ ಬೆಳೆದವನು. ಕಾಲೇಜು ರೇಡಿಯೋ ಅನ್ನುವ ಪದವನ್ನೇ ಕೇಳಿರಲಿಲ್ಲ. ನಮ್ಮ ಓಣಿಯಲ್ಲಿ ಕ್ಯಾಸೆಟ್ ಅಂಗಡಿ ಒಂದೇ. ಅಲ್ಲಿ ಸಿನಿಮಾ ಹಾಡು, ಭಕ್ತಿಗೀತೆ, ಅಷ್ಟೇ. ಹೊರಗಿನ ಸಂಗೀತ ನನಗೆ ಸಿಕ್ಕಿದ್ದೇ ಯೂಟ್ಯೂಬ್‌ನಿಂದ. ಒಂದು ಹಾಡು ಮುಗಿದ ಮೇಲೆ ಪಕ್ಕದಲ್ಲಿ ಅದು ತೋರಿಸುತ್ತಿದ್ದ ಇನ್ನೊಂದು, ಅದರಿಂದ ಮತ್ತೊಂದು. ನಿಮ್ಮ ಎಫ್.ಎಂ. ಊರು ದಾಟಿದರೆ ಮುಗಿಯಿತು. ಆ ಊರಿನಲ್ಲಿ ಸೀಟು ಸಿಕ್ಕವರಿಗೆ ಮಾತ್ರ ಅದು ಕೇಳಿಸುತ್ತಿತ್ತು, ಅಲ್ವಾ? ನನ್ನಂಥವನಿಗೆ ಬಾಗಿಲು ತೆರೆದದ್ದು ಇಂಟರ್ನೆಟ್. ಅದನ್ನೂ ನೆನಪಿಡಿ.

---

ಚಂಡೆಮದ್ದಳೆ

ತಮ್ಮಾ, ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆ ಪೆನ್ಸಿಲ್ ಬರಹ ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತೆ.

ನಾನು ಸಿದ್ದಾಪುರದ ಕಡೆಯವಳು. 1996ರಲ್ಲಿ ಓದಲು ಉತ್ತರ ಕೆರೊಲಿನಾಕ್ಕೆ ಬಂದೆ. ರಾಲೀ, ಡರ್ಹಮ್, ಚಾಪೆಲ್ ಹಿಲ್, ಮೂರು ಊರು ಅಕ್ಕಪಕ್ಕ. ಮೂರರಲ್ಲೂ ಯೂನಿವರ್ಸಿಟಿ, ಮೂರಕ್ಕೂ ಒಂದೊಂದು ರೇಡಿಯೋ. ಡಯಲ್ ಎಡಕ್ಕೆ ತಿರುಗಿಸಿದರೆ 88.1, 88.7, 89.3 ಅಂತ ಸಾಲಾಗಿ ಸಿಗುತ್ತಿದ್ದವು. ಅಮೆರಿಕದಲ್ಲಿ 88ರಿಂದ 92ರವರೆಗಿನ ಜಾಗ ಜಾಹೀರಾತಿಲ್ಲದ ಸ್ಟೇಷನ್‌ಗಳಿಗೆ ಮೀಸಲು, ಅದಕ್ಕೇ ಎಲ್ಲ ಅಲ್ಲಿ ಒಟ್ಟಿಗೆ ಇರುತ್ತವೆ. 1948ರಲ್ಲಿ 10 ವ್ಯಾಟ್ ಲೈಸೆನ್ಸ್ ಕೊಡಲು ಶುರು ಮಾಡಿದ ಮೇಲೆ ಚಿಕ್ಕ ಚಿಕ್ಕ ಕಾಲೇಜುಗಳೂ ರೇಡಿಯೋ ಇಟ್ಟವು. 10 ವ್ಯಾಟ್ ಅಂದರೆ ನಮ್ಮ ಮನೆಯ ಒಂದು ಎಲ್‌ಇಡಿ ಬಲ್ಬು. ಅಷ್ಟರಲ್ಲಿ ಒಂದು ಕ್ಯಾಂಪಸ್ ಪೂರ್ತಿ ಹಾಡು ಕೇಳುತ್ತಿತ್ತು.

ನಾನು ಹಾಡು ಹಾಕುತ್ತಿದ್ದದ್ದು ಈ ಮೂರರಲ್ಲೂ ಅಲ್ಲ, ಬೇರೆ ಒಂದು ಚಿಕ್ಕ ಕ್ಯಾಂಪಸ್‌ನಲ್ಲಿ. ಆದರೆ ಸಂಗೀತ ಕಲಿತದ್ದು ಈ ಮೂರನ್ನು ಕೇಳಿ. ಮಂಗಳವಾರ ರೇಡಿಯೋದಲ್ಲಿ ಕೇಳಿದ ಬ್ಯಾಂಡು ಶುಕ್ರವಾರ ಕಾರ್ಬರೋದ ಕ್ಯಾಟ್ಸ್ ಕ್ರೇಡಲ್ ಕ್ಲಬ್‌ನಲ್ಲಿ ನುಡಿಸುತ್ತಿತ್ತು. ಹೋದರೆ, ಡ್ರಮ್ ಬಾರಿಸಿದವನೇ ಕೆಳಗಿಳಿದು ಬಂದು ಮೇಜಿನ ಹಿಂದೆ ನಿಂತು ಕ್ಯಾಸೆಟ್ ಮಾರುತ್ತಿದ್ದ. ಚಾಪೆಲ್ ಹಿಲ್‌ನ ಬ್ಯಾಂಡಿನವರೇ 1989ರಲ್ಲಿ ಮರ್ಜ್ ಅಂತ ಸ್ವಂತ ಲೇಬಲ್ (ಹಾಡು ಬಿಡುಗಡೆ ಮಾಡುವ ಕಂಪನಿ) ಕಟ್ಟಿದ್ದರು. ರೇಡಿಯೋ, ಕ್ಲಬ್ಬು, ಲೇಬಲ್ಲು ಎಲ್ಲ ನಡೆದು ಹೋಗುವಷ್ಟು ದೂರದಲ್ಲಿ. ಬಳ್ಳಾರಿಯವರೇ, ನೀವು ಹೇಳಿದ್ದು ಸರಿ, ಊರು ದಾಟಿದರೆ ಕೇಳುತ್ತಿರಲಿಲ್ಲ. ಆದರೆ ಕೇಳಿದವರು ಮನೆಯಲ್ಲಿ ಕೂರುತ್ತಿರಲಿಲ್ಲ. ಎದ್ದು ಹೋಗುತ್ತಿದ್ದರು. ಹೊಸ ಬ್ಯಾಂಡಿಗೆ ಊಟಕ್ಕೆ ದುಡ್ಡು ಹುಟ್ಟುತ್ತಿದ್ದದ್ದು ಹಾಗೆ.

ಇದು ಒಂದೇ ಊರಿನ ಕತೆಯೂ ಅಲ್ಲ. ಜಾರ್ಜಿಯಾದ ಅಥೆನ್ಸ್‌ನಲ್ಲಿ 1980ರಲ್ಲಿ ಶುರುವಾದ ಆರ್‌ಇಎಂ ಬ್ಯಾಂಡನ್ನು ದೇಶಕ್ಕೆ ಪರಿಚಯ ಮಾಡಿಕೊಟ್ಟದ್ದು ಕಾಲೇಜು ರೇಡಿಯೋಗಳು. ಸಿಯಾಟಲ್‌ನ ಕೆಸಿಎಂಯು ವಾಷಿಂಗ್ಟನ್ ಯೂನಿವರ್ಸಿಟಿಯ ಸ್ಟೇಷನ್ ಆಗಿತ್ತು. ಸಬ್ ಪಾಪ್ ಲೇಬಲ್ ಕಟ್ಟಿದ ಇಬ್ಬರೂ ಅಲ್ಲಿ ಡಿಜೆ (ರೇಡಿಯೋದಲ್ಲಿ ಹಾಡು ಹಾಕುವವರು) ಆಗಿದ್ದರು. ಸೌಂಡ್‌ಗಾರ್ಡನ್ ಬ್ಯಾಂಡಿನ ಗಿಟಾರ್ ವಾದಕ ಕಿಮ್ ತಾಯಿಲ್ ಕೂಡ ಅಲ್ಲಿ ಡಿಜೆ, ಅವರ ತಂದೆತಾಯಿ ಕೇರಳದವರು. 1978ರಲ್ಲಿ ಶುರುವಾದ ಸಿಎಂಜೆ ಅನ್ನುವ ಪತ್ರಿಕೆ ಇತ್ತು. ಪ್ರತಿ ವಾರ ದೇಶದ ಕಾಲೇಜು ಸ್ಟೇಷನ್‌ಗಳು ತಾವು ಜಾಸ್ತಿ ಹಾಕಿದ 30 ಆಲ್ಬಮ್‌ಗಳ ಪಟ್ಟಿಯನ್ನು ಅದಕ್ಕೆ ಕಳಿಸುತ್ತಿದ್ದವು. ಕಳಿಸುವ ಕೆಲಸ ನಮ್ಮ ಸ್ಟೇಷನ್‌ನ ಮ್ಯೂಸಿಕ್ ಡೈರೆಕ್ಟರ್‌ದು. (ನಮ್ಮವರಿಗೆ ಮ್ಯೂಸಿಕ್ ಡೈರೆಕ್ಟರ್ ಅಂದರೆ ಸಿನಿಮಾಕ್ಕೆ ರಾಗ ಹಾಕುವವರು. ಇಲ್ಲಿ ಹಾಗಲ್ಲ. ಅಂಚೆಯಲ್ಲಿ ಬಂದ ಸಿ.ಡಿ.ಗಳನ್ನು ಬಿಚ್ಚಿ, ಕೇಳಿ, ಹಂಚುವ ವಿದ್ಯಾರ್ಥಿ.) ಇಪ್ಪತ್ತು ವರ್ಷದ ಹುಡುಗಿ. ವಾರಕ್ಕೆ ನೂರಾರು ಲಕೋಟೆ ಒಡೆಯುತ್ತಿದ್ದಳು. ಅವಳ ಕಿವಿಯ ಮೇಲೆ ಯಾವನೋ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹುಡುಗನ ಹಾಡಿನ ಭವಿಷ್ಯ ನಿಂತಿತ್ತು.

ಈಗ ನನ್ನದೊಂದು ಕತೆ. ರಾತ್ರಿ 3ರಿಂದ 5 ನನ್ನ ಪಾಳಿ. ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ ತಂದಿದ್ದೆ, ನಮ್ಮೂರ ಬಯಲಾಟದಲ್ಲಿ ಅಣ್ಣ ಸಣ್ಣ ಟೇಪ್ ರೆಕಾರ್ಡರ್ ಹಿಡಿದು ತುಂಬಿಸಿಕೊಂಡದ್ದು. ಭಾಗವತರ ಪದ, ಹಿಂದೆ ಚಂಡೆ. ನಡುವೆ ಯಾರೋ ಕೆಮ್ಮುತ್ತಾರೆ, ದೂರದಲ್ಲಿ ನಾಯಿ ಬೊಗಳುತ್ತದೆ. ಒಂದು ರಾತ್ರಿ ಧೈರ್ಯ ಮಾಡಿ ಏಳು ನಿಮಿಷ ಹಾಕಿದೆ. ಸ್ಟುಡಿಯೋದ ಫೋನ್ ಸದ್ದು ಮಾಡುವುದಿಲ್ಲ, ಮೈಕಿಗೆ ಕೇಳಬಾರದು ಅಂತ. ಬದಲಿಗೆ ಒಂದು ದೀಪ ಮಿಣುಕುತ್ತದೆ. ಚಂಡೆ ಏರುತ್ತಿದ್ದ ಹಾಗೇ ದೀಪ ಮಿಣುಕಿತು. ಎತ್ತಿದೆ. ಒಬ್ಬ ಬೇಕರಿ ಕೆಲಸದವನು. ಹಿಟ್ಟು ಉಬ್ಬುವುದನ್ನು ಕಾಯುತ್ತಾ ಕೂತಿದ್ದನಂತೆ. "ಬಾರಿಸುತ್ತಿರುವವರು ಎಷ್ಟು ಜನ?" ಅಂತ ಕೇಳಿದ. ಒಬ್ಬರೇ ಅಂದೆ. ನಂಬಲಿಲ್ಲ. "ಇನ್ನೊಮ್ಮೆ ಹಾಕು" ಅಂದ. ಹಾಕಿದೆ.

ಮರುವಾರ ಆ ಕ್ಯಾಸೆಟ್‌ಗೆ ನಾನೂ ಒಂದು ಲೇಬಲ್ ಬರೆದು ಸ್ಟೇಷನ್ ಕಪಾಟಿನಲ್ಲಿಟ್ಟೆ. "ಯಕ್ಷಗಾನ, ಕರ್ನಾಟಕ. ಬಿ ಬದಿ, ಶುರುವಿನಿಂದ. ರಾತ್ರಿ ಮಾತ್ರ." ಎರಡು ವರ್ಷದಲ್ಲಿ ಬೇರೆ ಬೇರೆ ಕೈಯ ಆರು ಗೀಟು ಬಿದ್ದಿದ್ದವು. ಕನ್ನಡದ ಒಂದಕ್ಷರ ಬಾರದ ಆರು ಜನ.

ಆಮೇಲೆ ನಿಮ್ಮಲ್ಲಿ ಆದ ಹಾಗೇ ಅಲ್ಲೂ ಆಯಿತು. ಜಾಗ ಬೇರೆ ಕೆಲಸಕ್ಕೆ ಬೇಕಾಯಿತು. ನನಗೆ ಗೊತ್ತಾಗಿ ಫೋನ್ ಮಾಡುವಷ್ಟರಲ್ಲಿ ಒಂದು ವಾರವಾಗಿತ್ತು. ಎಲ್ಲಾ ಕಸದ ಲಾರಿಗೆ ಹೋಗಿತ್ತು. ಅಣ್ಣ ಈಗ ಇಲ್ಲ. ಆ ಬಯಲಾಟದ ಭಾಗವತರೂ ಇಲ್ಲ. ಇನ್ನೊಂದು ಪ್ರತಿ ನಾನು ಮಾಡಿಟ್ಟಿರಲಿಲ್ಲ.

ಅದಕ್ಕೇ ಹೇಳುತ್ತೇನೆ ಕೇಳು. ಹೆಸರು ಗೊತ್ತಿರುವ ಬ್ಯಾಂಡುಗಳನ್ನು ಬಿಡು. ಅವು ಎಲ್ಲಾ ಕಡೆ ಇವೆ. ಮೊದಲು ನಿಮ್ಮ ಊರಿನವರದ್ದು, ನಿಮ್ಮ ಜಿಲ್ಲೆಯವರದ್ದು ಎತ್ತಿಡು. ಕೈಯಲ್ಲಿ ಹೆಸರು ಬರೆದ ಸಿ.ಡಿ.ಗಳಿರುತ್ತವಲ್ಲ, ಮನೆಯಲ್ಲಿ ಬರ್ನ್ ಮಾಡಿದ್ದು, ಅವು ಅಂಗಡಿಯ ಸಿ.ಡಿ.ಗಿಂತ ಬೇಗ ಕೆಡುತ್ತವೆ. ಅವನ್ನು ಇವತ್ತೇ ಕಂಪ್ಯೂಟರ್‌ಗೆ ಹಾಕು. ಆಮೇಲೆ ಕ್ಯಾಸೆಟ್. ಸ್ಟುಡಿಯೋದಲ್ಲಿ ಬ್ಯಾಂಡುಗಳು ಬಂದು ನುಡಿಸಿದ ರೆಕಾರ್ಡಿಂಗ್ ಇದ್ದರೆ ಅದು ಚಿನ್ನ. ಯಾವ ದಿನ ಯಾವ ಹಾಡು ಹಾಕಿದರು ಅಂತ ಬರೆದಿಟ್ಟ ಹಳೇ ಪ್ಲೇಲಿಸ್ಟ್ ಫೈಲುಗಳು ಬೇಕು ಅಂತ ಯಾರೂ ಕೇಳುವುದಿಲ್ಲ, ಅವನ್ನೂ ಬಿಡಬೇಡ.

ಲೇಬಲ್‌ಗಳ ಫೋಟೋ ತೆಗೆ. ಕೊಟ್ಟುಬಿಡುವ ಸಿ.ಡಿ.ಯದ್ದೂ ತೆಗೆ. ಹಾಡು ಇನ್ನೆಲ್ಲೋ ಸಿಗಬಹುದು, "11 ನಿಜ" ಇನ್ನೆಲ್ಲೂ ಸಿಗುವುದಿಲ್ಲ.

ಕೊಡುವುದಕ್ಕೆ ಮೊದಲು ನಿಮ್ಮ ಯೂನಿವರ್ಸಿಟಿ ಲೈಬ್ರರಿಯ ಆರ್ಕೈವ್ಸ್‌ನವರನ್ನೇ ಕೇಳು. ಊರಿನ ಬ್ಯಾಂಡು ಅಂದರೆ ಅದು ಊರಿನ ಇತಿಹಾಸ, ಆ ಮಾತು ಅವರಿಗೆ ನಾಟುತ್ತದೆ. ಪಕ್ಕದ ಓಹಾಯೋದ ಬೌಲಿಂಗ್ ಗ್ರೀನ್ ಯೂನಿವರ್ಸಿಟಿಯಲ್ಲಿ ಜನಪ್ರಿಯ ಸಂಗೀತದ ದೊಡ್ಡ ಸಂಗ್ರಹ ಇದೆ, ಅಲ್ಲಿಗೂ ಒಂದು ಪತ್ರ ಬರೆ.

ಇನ್ನೊಂದು. ನಿಮ್ಮ ಎಫ್.ಎಂ. ಲೈಸೆನ್ಸ್ ಏನಾಗುತ್ತದೆ ಅಂತ ಈಗಲೇ ಬರವಣಿಗೆಯಲ್ಲಿ ಕೇಳಿ. ಕೋಣೆ ಹೋದರೆ ಇನ್ನೊಂದು ಕೋಣೆ ಸಿಗುತ್ತದೆ. ಫ್ರೀಕ್ವೆನ್ಸಿ ಹೋದರೆ ಮತ್ತೆ ಸಿಗುವುದು ಕಷ್ಟ. ಹ್ಯೂಸ್ಟನ್‌ನ ರೈಸ್ ಯೂನಿವರ್ಸಿಟಿಯ ಕೆಟಿಆರ್‌ಯು ಫ್ರೀಕ್ವೆನ್ಸಿ 95 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕೆಯುಎಸ್‌ಎಫ್ 37.5 ಲಕ್ಷಕ್ಕೆ ಅಂತ ಗೊತ್ತಾದದ್ದು 2011ರ ಜನವರಿಯಲ್ಲಿ, ಒಂದು ಬೆಳಿಗ್ಗೆ ಪ್ರಸಾರ ಇದ್ದಕ್ಕಿದ್ದಂತೆ ನಿಂತ ಮೇಲೆ. ಅಟ್ಲಾಂಟಾದ ಡಬ್ಲ್ಯುಆರ್‌ಎಎಸ್ 1,00,000 ವ್ಯಾಟ್‌ನ ವಿದ್ಯಾರ್ಥಿ ಸ್ಟೇಷನ್. 2014ರಲ್ಲಿ ಅದರ ಹಗಲು ಹೊತ್ತು ರಾಜ್ಯದ ಸಾರ್ವಜನಿಕ ರೇಡಿಯೋ ಪಾಲಾಯಿತು. ಕೇಳುವವರಿಲ್ಲ ಅಂತ ಮುಚ್ಚಿದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಫ್ರೀಕ್ವೆನ್ಸಿಗೆ ಅಷ್ಟು ಬೆಲೆ ಬಂದದ್ದೂ ಒಂದು ಕಾರಣ. ರೈಸ್‌ನ ಮಕ್ಕಳು ಮಾತ್ರ ಬಿಡಲಿಲ್ಲ. 2015ರಲ್ಲಿ 96.1ರಲ್ಲಿ ಚಿಕ್ಕ ಸ್ಟೇಷನ್ ಆಗಿ ವಾಪಸ್ ಬಂದರು. ಆ ಬಗೆಯ ಲೈಸೆನ್ಸ್‌ಗೆ ಜಾಸ್ತಿ ಅಂದರೆ 100 ವ್ಯಾಟ್.

ಇಂಟರ್ನೆಟ್ ಬಗ್ಗೆ ನನಗೆ ಜಗಳವಿಲ್ಲ. 1994ರ ನವೆಂಬರ್ 7ರಂದು ಚಾಪೆಲ್ ಹಿಲ್‌ನ ಡಬ್ಲ್ಯುಎಕ್ಸ್‌ವೈಸಿ ತನ್ನ ಪ್ರಸಾರವನ್ನು ಇಂಟರ್ನೆಟ್‌ಗೆ ಹಾಕಿತು. ಜಗತ್ತಿನಲ್ಲಿ ಮೊದಲು ಆ ಕಡೆ ಹೋದ ರೇಡಿಯೋಗಳ ಸಾಲಿನಲ್ಲಿ ನಿಲ್ಲುವುದು ಒಂದು ಕಾಲೇಜು ಸ್ಟೇಷನ್ನೇ.

---

ಮಲ್ಲೇಶ್ವರಂ_ಗಿಟಾರ್

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ.

ನಾನು ಬೆಂಗಳೂರಿನಲ್ಲಿ ಕನ್ನಡದಲ್ಲಿ ಸ್ವಂತ ಹಾಡು ಬರೆದು ಹಾಡುವವನು, ಹಗಲು ಬೇರೆ ಕೆಲಸ. ಇವತ್ತು ಹಾಡು ಬಿಡುಗಡೆ ಮಾಡುವುದು ಸುಲಭ. ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡಿ ರಾತ್ರಿ ಅಪ್‌ಲೋಡ್ ಮಾಡಿದರೆ ಕೆಲವೇ ದಿನದಲ್ಲಿ ಎಲ್ಲಾ ಆ್ಯಪ್‌ನಲ್ಲೂ ಇರುತ್ತದೆ. ಆದರೆ ಇರುವುದು ಬೇರೆ, ಯಾರೋ ಕೇಳುವುದು ಬೇರೆ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ, ವರ್ಷದಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಇಲ್ಲ. ನನ್ನ ನಾಲ್ಕು ಹಾಡಿನಲ್ಲಿ ಮೂರು ಆ ಗೆರೆಯ ಕೆಳಗಿವೆ. ಕೇಳದ ಹಾಡನ್ನು ಅದು ಇನ್ನೊಬ್ಬರಿಗೆ ತೋರಿಸುವುದೂ ಕಡಿಮೆ.

ಹೋದ ವರ್ಷ ಅಮೆರಿಕದ ಒಂದು ಕಾಲೇಜು ಸ್ಟೇಷನ್‌ನಿಂದ ಮೇಲ್ ಬಂತು. ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಸೈಟಿನಲ್ಲಿ ನನ್ನ ಹಾಡು ಸಿಕ್ಕಿತಂತೆ. ಅವರು ಕೇಳಿದ ಪ್ರಶ್ನೆ ಎರಡೇ. ಹಾಡಿನಲ್ಲಿ ಬೈಗುಳ ಇದೆಯಾ? ನಿಮ್ಮ ಹೆಸರನ್ನು ಹೇಗೆ ಉಚ್ಚರಿಸಬೇಕು? ನನ್ನ ಹೆಸರನ್ನು ಸರಿಯಾಗಿ ಹೇಳಬೇಕು ಅಂತ ನನ್ನನ್ನು ಇದುವರೆಗೆ ಯಾವ ಆ್ಯಪೂ ಕೇಳಿರಲಿಲ್ಲ. ನಾನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆ, ಆಫೀಸ್ ಕ್ಯಾಂಟೀನ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಸ್ಟ್ರೀಮ್ ಕೇಳಿದೆ. ಆ ಹುಡುಗಿ ಹೆಸರನ್ನು ನಿಧಾನವಾಗಿ, ಸರಿಯಾಗಿ ಹೇಳಿದಳು. ಆಮೇಲೆ ಹಾಡು ಬಂತು. ಎದುರಿಗಿದ್ದ ಅನ್ನ ಸಾರು ತಣ್ಣಗಾಗಿತ್ತು.

ಎಷ್ಟು ಜನ ಕೇಳಿದರೋ ಅದು ನನಗೆ ಮುಖ್ಯವಲ್ಲ. ಕಪಾಟು ಹೋದರೂ ಆ ಪ್ರಶ್ನೆ ಕೇಳುವವರನ್ನು ಉಳಿಸಿಕೊಳ್ಳಿ ಅಂತ ಮೂಲ ಪ್ರಶ್ನೆ ಕೇಳಿದವರಿಗೆ ನನ್ನ ಕೋರಿಕೆ.

---

ಕಡಲ_ಬದಿ

ನಮ್ಮ ಕಡೆಯ ಎರಡು ಮಾತು. ಇಂಡಿಯಾದಲ್ಲಿ ಕಾಲೇಜಿಗೆ ರೇಡಿಯೋ ಇಡಲು ಅನುಮತಿ ಬಂದದ್ದೇ 2002ರ ನಂತರ. ಚೆನ್ನೈನ ಅಣ್ಣಾ ಯೂನಿವರ್ಸಿಟಿಯ ಅಣ್ಣಾ ಎಫ್.ಎಂ. 2004ರಲ್ಲಿ ಮೊದಲು ಬಂತು. ನಮ್ಮ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ಸಾರಂಗ್ 107.8 ಕೂಡ ಇದೇ ಬಗೆಯದು. ಆದರೆ ಇವು ಸಮುದಾಯ ರೇಡಿಯೋ. ಮೀನುಗಾರರು, ರೈತರು, ಆರೋಗ್ಯ, ತುಳು, ಕೊಂಕಣಿ, ಈ ಕಡೆ ಗಮನ ಜಾಸ್ತಿ. ಹೊಸ ಬ್ಯಾಂಡನ್ನು ಹುಡುಕುವುದು ಅದರ ಮೊದಲ ಕೆಲಸ ಅಲ್ಲ, ಹಾಗಾಗಿ ಅಮೆರಿಕದ್ದಕ್ಕೆ ಹೋಲಿಸುವುದು ಸರಿಯಲ್ಲ.

ಆದರೆ ಒಂದು ವಿಷಯ ಇಲ್ಲಿ ಹೇಳಲೇಬೇಕು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರೇ ನಿಂತಿತು. ಕಾಲೇಜು ಮೇಷ್ಟರೊಬ್ಬರ ಮನೆಯಿಂದ ಹೊರಟದ್ದು.

---

ಬುಧವಾರ_ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಚಂಡೆಮದ್ದಳೆ ಅಕ್ಕಾ, ನಿಮ್ಮ ಕ್ಯಾಸೆಟ್ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ನೀವು ಹೇಳಿದ ಹಾಗೇ ಮಾಡಿದ್ದೇವೆ, ಅದನ್ನು ತಿಳಿಸಲು ಬರೆಯುತ್ತಿದ್ದೇನೆ.

ಮೂರು ಶನಿವಾರ, ಐದು ಜನ ಕೂತೆವು. ನಮ್ಮ ರಾಜ್ಯದ ಬ್ಯಾಂಡುಗಳದ್ದು ಅಂತ ಬೇರೆ ತೆಗೆದರೆ 640 ಸಿ.ಡಿ. ಆಯಿತು. ಒಂದೊಂದೇ ಹೆಸರನ್ನು ಆ್ಯಪ್‌ಗಳಲ್ಲಿ ಹುಡುಕಿದೆವು. 381 ಎಲ್ಲೂ ಇಲ್ಲ. ಎಲ್ಲಾ ಫೋನ್‌ನಲ್ಲೇ ಇದೆ ಅಂದ ಹುಡುಗಿಯೇ ಈ ಲೆಕ್ಕ ಬರೆದುಕೊಂಡದ್ದು. ನೂರು ದಾಟಿದ ಮೇಲೆ ಅವಳು ಮಾತು ನಿಲ್ಲಿಸಿದಳು. ಮುನ್ನೂರರ ಹತ್ತಿರ ಎದ್ದು ಹೋಗಿ ಅಪ್ಪನಿಗೆ ಫೋನ್ ಮಾಡಿ, ಮನೆಯಲ್ಲಿದ್ದ ಸ್ಕ್ಯಾನರ್ ತರಿಸಿದಳು.

ಲೈಬ್ರರಿಯವರು ಆ 381 ಮತ್ತು ಪ್ಲೇಲಿಸ್ಟ್ ಫೈಲುಗಳನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಲೈಸೆನ್ಸ್ ಬಗ್ಗೆ ಬರವಣಿಗೆಯಲ್ಲಿ ಕೇಳಿದ್ದೇವೆ, ಉತ್ತರ ಬಂದಿಲ್ಲ. ಬಿಡುವುದಿಲ್ಲ, ಮತ್ತೆ ಕೇಳುತ್ತೇವೆ. ಉಳಿದ ಸಿ.ಡಿ.ಗಳನ್ನು ಲೇಬಲ್ ಫೋಟೋ ತೆಗೆದು, ಒಂದು ಡಾಲರ್‌ಗೆ ಒಂದರಂತೆ ಮಾರುತ್ತೇವೆ. ಮೇಲಿನ ರೂಮಿನಲ್ಲಿ ಒಂದು ಚಿಕ್ಕ ಶೆಲ್ಫ್ ಇಡಲು ಬಿಟ್ಟಿದ್ದಾರೆ. 11 ಇರುವ ಆ ಸಿ.ಡಿ. ಅಲ್ಲಿದೆ.

ಈಗ ಒಂದು ತೊಂದರೆ. ಚಪ್ಪಲಿ ಡಬ್ಬಿಯಲ್ಲಿ 74 ಕ್ಯಾಸೆಟ್ ಇವೆ. ಸ್ಟುಡಿಯೋದ ಡೆಕ್ ತೆರೆದು ನೋಡಿದರೆ ಬೆಲ್ಟ್ ಕರಗಿ ಅಂಟಾಗಿದೆ. ಸರಿಯಾಗಿ ಓಡುವ ಕ್ಯಾಸೆಟ್ ಡೆಕ್ ಇಂಡಿಯಾನಾ, ಇಲಿನಾಯ್, ಓಹಾಯೋ ಕಡೆ ಯಾರ ಹತ್ತಿರವಾದರೂ ಇದೆಯಾ? ಎರಡು ವಾರ ಸಾಕು, ನಾನೇ ಬಂದು ತೆಗೆದುಕೊಂಡು ಹೋಗಿ ವಾಪಸ್ ತಂದುಕೊಡುತ್ತೇನೆ.

---

ಬಳ್ಳಾರಿ_ಬಿಸಿಲು

ನಾನು ಇಲಿನಾಯ್‌ನ ಶಾಂಪೇನ್ ಊರಿನಲ್ಲಿದ್ದೇನೆ. ನನ್ನ ಹತ್ತಿರ ಡೆಕ್ ಇಲ್ಲ, ಆದರೆ ಪಕ್ಕದ ಮನೆಯ ಅಜ್ಜನ ಹತ್ತಿರ ಎರಡು ಇವೆ. ಈಗಷ್ಟೇ ಕೇಳಿ ಬಂದೆ, ಒಂದು ಕೊಡುತ್ತಾರಂತೆ. ಭಾನುವಾರ ಬನ್ನಿ, ಊಟ ನಮ್ಮ ಮನೆಯಲ್ಲೇ. ಬರುವಾಗ ಒಂದು ಕ್ಯಾಸೆಟ್ ಜೊತೆಗೆ ತನ್ನಿ, ಓಡುತ್ತದಾ ಅಂತ ಇಲ್ಲೇ ಹಾಕಿ ನೋಡೋಣ.